ತಮಟೆ ಮೇಳದ ಯಜಮಾನ: ಕೋಲಾರ ಸೀಮೆಯ ಒಂದು ಕಸುಬಿನ ಒಳನೋಟ

ಕರ್ನಾಟಕದ ಪೂರ್ವ ಗಡಿಯಲ್ಲಿರುವ ಕೋಲಾರ ಜಿಲ್ಲೆಯು ಭಾಷೆಯ ದೃಷ್ಟಿಯಿಂದಲೂ ಕಲೆಯ ದೃಷ್ಟಿಯಿಂದಲೂ ಒಂದು ಕೂಡುದಾರಿ. ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳು ಆಂಧ್ರಪ್ರದೇಶಕ್ಕೆ ಅಂಟಿಕೊಂಡಿವೆ. ಮಾಲೂರು ತಾಲ್ಲೂಕಿನ ಜನರಿಗೆ ತಮಿಳುನಾಡಿನ ಹೊಸೂರು ನಿತ್ಯವ್ಯವಹಾರದ ಊರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬುದು ಇಲ್ಲಿನ ಸಾಮಾನ್ಯ ಸ್ಥಿತಿ. ಈ ಭಾಷಾ ವೈವಿಧ್ಯದ ನಡುವೆ ಎಲ್ಲರಿಗೂ ಒಂದೇ ಬಗೆಯಲ್ಲಿ ಅರ್ಥವಾಗುವ ನುಡಿಯೊಂದಿದ್ದರೆ ಅದು ತಮಟೆಯ ನುಡಿ. ದೂರದಿಂದ ಕೇಳಿಬರುವ ಬಡಿತವನ್ನು ಆಲಿಸಿಯೇ ಊರಿನವರು ಅದು ಸಾವೋ, ದೇವರ ದೀಪವೋ, ಮದುವೆಯ ಮೆರವಣಿಗೆಯೋ ಎಂದು ತಿಳಿದುಕೊಳ್ಳುತ್ತಾರೆ. ಉತ್ತರ ಕರ್ನಾಟಕದಲ್ಲಿ ಹಲಗೆ, ತಮಿಳುನಾಡಿನಲ್ಲಿ ಪರೈ ಎಂದು ಹೆಸರಾದ ವಾದ್ಯಗಳ ಕುಟುಂಬಕ್ಕೆ ಸೇರಿದ ಇದನ್ನು ಕೋಲಾರ ಸೀಮೆಯಲ್ಲಿ ತಮಟೆ ಎಂದೂ ತಪ್ಪಟೆ ಎಂದೂ ಕರೆಯುತ್ತಾರೆ.

ತಮಟೆಯ ರಚನೆ, ಆಚರಣಾತ್ಮಕ ಮಹತ್ವ ಮತ್ತು ಕುಣಿತದ ಸೊಬಗನ್ನು ಕುರಿತು ಜಾನಪದ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಈ ವಾದ್ಯವನ್ನೇ ನೆಚ್ಚಿ, ಏಳೆಂಟು ಜನರನ್ನು ಕಟ್ಟಿಕೊಂಡು, ಊರೂರು ತಿರುಗಿ ಸಂಪಾದಿಸುವ ಮೇಳದ ಯಜಮಾನನ ಬದುಕು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಕಲೆಯ ಬಗ್ಗೆ ಮಾತನಾಡುವಾಗ ಕೂಲಿಯ ಮಾತು ಎತ್ತುವುದು ಔಚಿತ್ಯವಲ್ಲವೆಂಬ ಸಂಕೋಚ ಇದಕ್ಕೆ ಕಾರಣವಿರಬಹುದು. ಹಾಗೆ ನೋಡಿದರೆ ತಮಟೆಯ ಆಧುನಿಕ ಚರಿತ್ರೆಯು ಬಹುಪಾಲು ಕೂಲಿಯ ಚರಿತ್ರೆಯೇ ಆಗಿದೆ. ಯಾರು ಯಾರಿಗಾಗಿ ಬಾರಿಸಬೇಕು, ಯಾವ ಷರತ್ತಿನ ಮೇಲೆ ಬಾರಿಸಬೇಕು, ಬಾರಿಸುವುದಿಲ್ಲ ಎನ್ನುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಗಳಿಗೆ ದೊರೆತ ಉತ್ತರಗಳೇ ಈ ವಾದ್ಯದ ಸ್ಥಾನಮಾನವನ್ನು ನಿರ್ಧರಿಸುತ್ತ ಬಂದಿವೆ.

ಮೊದಲು ವಾದ್ಯದ ವಿಚಾರ. ವೃತ್ತಾಕಾರದ ಚೌಕಟ್ಟಿನ ಒಂದೇ ಮಗ್ಗುಲಿಗೆ ಕರುವಿನ ಅಥವಾ ಮೇಕೆಯ ಚರ್ಮವನ್ನು ಬಿಗಿದು ತಮಟೆಯನ್ನು ಸಿದ್ಧಪಡಿಸುತ್ತಾರೆ. ಹಿಂದೆ ಮರದ ಬಳೆ ಬಳಕೆಯಲ್ಲಿತ್ತು. ಈಗ ಕಬ್ಬಿಣದ ಬಳೆಯೇ ಹೆಚ್ಚು. ವಾದಕನು ಅದನ್ನು ಎಡಹೆಗಲಿಗೆ ತೂಗುಹಾಕಿ ಎದೆಗೆ ಆನಿಸಿಕೊಳ್ಳುತ್ತಾನೆ. ಒಂದು ಕೈಯಲ್ಲಿ ಉದ್ದನೆಯ ತೆಳುವಾದ ಬಿದಿರುಕಡ್ಡಿ, ಇನ್ನೊಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು. ತೆಳುಕಡ್ಡಿ ಚರ್ಮದ ಮೇಲೆ ಬಾಗಿ ಬಿದ್ದಾಗ ಚಟಚಟನೆಯ ಸದ್ದು. ಗಿಡ್ಡಕೋಲು ನಡುಭಾಗಕ್ಕೆ ಬಿದ್ದಾಗ ತುಂಬು ನಾದ. ಈ ಎರಡರ ಹೆಣಿಗೆಯಲ್ಲಿ ವರಸೆಗಳು ಹುಟ್ಟುತ್ತವೆ. ಚರ್ಮ ತಣ್ಣಗಾದರೆ ನಾದ ಕುಗ್ಗುವುದರಿಂದ ಆಗಾಗ್ಗೆ ಹುಲ್ಲುಬೆಂಕಿಯಲ್ಲಿ ಕಾಯಿಸಬೇಕು. ಬೆಂಕಿಯ ಸುತ್ತ ಮೇಳದವರು ಕುಳಿತುಕೊಳ್ಳುವ ಈ ಬಿಡುವೇ ಮೇಳದ ಸಭೆಯೂ ಹೌದು. ಮುಂದಿನ ವರಸೆ ಯಾವುದು, ಕರೆದವರು ಊಟಕ್ಕೆ ಎಲ್ಲಿ ಕೂರಿಸಿದರು, ಉಳಿದ ಹಣ ಯಾವಾಗ ಬರುತ್ತದೆ ಎಂಬ ಎಲ್ಲ ಮಾತೂ ಅಲ್ಲಿಯೇ ಆಗುತ್ತದೆ.

ಮೇಳದಲ್ಲಿ ಸಾಮಾನ್ಯವಾಗಿ ಆರರಿಂದ ಹನ್ನೆರಡು ಮಂದಿ ಇರುತ್ತಾರೆ. ಯಜಮಾನನು ಅವರಲ್ಲೊಬ್ಬ ವಾದಕನೇ. ಉತ್ತರ ಭಾರತದ ಮದುವೆಯ ಬ್ಯಾಂಡುಗಳನ್ನು ಅಧ್ಯಯನ ಮಾಡಿ 2005ರಲ್ಲಿ ಗ್ರಂಥ ಪ್ರಕಟಿಸಿದ ಗ್ರೆಗರಿ ಬೂತ್ ಅವರು, ಅಲ್ಲಿ ಅಂಗಡಿ ಇಟ್ಟುಕೊಂಡು ವ್ಯವಹಾರ ನೋಡುವ ಮಾಲೀಕನೇ ಬೇರೆ, ಬೀದಿಯಲ್ಲಿ ನುಡಿಸುತ್ತ ಮುನ್ನಡೆಸುವ ಬ್ಯಾಂಡ್ ಮಾಸ್ತರನೇ ಬೇರೆ ಎಂಬುದನ್ನು ವಿವರಿಸಿದ್ದಾರೆ. ತಮಟೆ ಮೇಳದಲ್ಲಿ ಈ ಎರಡೂ ಹೊಣೆ ಒಬ್ಬನ ಹೆಗಲ ಮೇಲಿದೆ. ಮುಂಗಡ ಪಡೆಯುವವನೂ ಅವನೇ, ಮೊದಲ ಏಟು ಹಾಕುವವನೂ ಅವನೇ. ಬಾರಿಸುತ್ತಿರುವಾಗ ಬಾಯಲ್ಲಿ ಹೇಳಿ ನಡೆಸಲು ಸದ್ದು ಬಿಡುವುದಿಲ್ಲ. ಕಣ್ಣಿನ ಸನ್ನೆ, ಕೋಲನ್ನು ಮೇಲೆತ್ತುವ ರೀತಿ, ಒಂದು ಹೆಜ್ಜೆ ಹಿಂದಕ್ಕಿಡುವುದು, ಬಡಿತದ ಕೊನೆಗೆ ಎರಡು ಗಟ್ಟಿ ಏಟು ಕೊಡುವುದು ಇವೇ ಅವನ ಆಜ್ಞೆಗಳು. ಅವನು ಒಂದು ಗತ್ತನ್ನು ಒಡ್ಡುತ್ತಾನೆ, ಉಳಿದವರು ಉತ್ತರಿಸುತ್ತಾರೆ. ಎಳೆಯನೊಬ್ಬ ಹುರುಪಿನಿಂದ ಹೊಸದೇನನ್ನೋ ಸೇರಿಸಿದರೆ ಅದನ್ನು ಬೆಳೆಸಬೇಕೋ ಅಲ್ಲಿಗೇ ಮುಚ್ಚಬೇಕೋ ಎಂಬುದನ್ನು ಕ್ಷಣದಲ್ಲಿ ತೀರ್ಮಾನಿಸುತ್ತಾನೆ. ಬರೆದಿಟ್ಟ ಸಂಗೀತವಿಲ್ಲದೆ, ಎದುರಿಗಿರುವ ಜನರ ಮನಸ್ಥಿತಿಯನ್ನು ಅನುಸರಿಸಿ ಅಲ್ಲಿಯೇ ಕಟ್ಟುತ್ತ ಹೋಗುವ ಈ ರೀತಿಯು ಅಮೆರಿಕದ ಕಪ್ಪು ಜನರ ಜಾಝ್ ಮೇಳಗಳ ಪದ್ಧತಿಯನ್ನು ನೆನಪಿಗೆ ತರುತ್ತದೆ. ಈ ಹೋಲಿಕೆ ಕೇವಲ ಲಯಕ್ಕೆ ಸಂಬಂಧಿಸಿದ್ದಲ್ಲ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ದೇವರ ಕಾರ್ಯದಲ್ಲಿ ಯಜಮಾನನ ಹೊಣೆ ಇನ್ನೂ ಸೂಕ್ಷ್ಮವಾದದ್ದು. ಈ ಸೀಮೆಯ ಗಂಗಮ್ಮ, ಮಾರಮ್ಮ ಮೊದಲಾದ ಗ್ರಾಮದೇವತೆಗಳ ಹಬ್ಬದಲ್ಲಿ ಹೆಂಗಸರು ಹಿಟ್ಟಿನ ದೀಪಗಳನ್ನು ತಲೆಯ ಮೇಲೆ ಹೊತ್ತು ಗುಡಿಗೆ ಸಾಗುತ್ತಾರೆ. ಹೊತ್ತವರ ನಡಿಗೆಗೆ ಬಡಿತ ಹೊಂದಬೇಕು. ಚುರುಕಾದರೆ ದೀಪ ಅಲುಗುತ್ತದೆ, ಮಂದವಾದರೆ ಮೆರವಣಿಗೆ ಎಳೆದಾಡುತ್ತದೆ. ಯಾರ ಮೈಮೇಲಾದರೂ ದೇವರು ಬಂದಾಗ ಬಡಿತವನ್ನು ಏರಿಸಬೇಕಾದವನೂ, ಪೂಜಾರಿಯ ಮುಖ ನೋಡಿ ಮೆಲ್ಲನೆ ಇಳಿಸಬೇಕಾದವನೂ ಅವನೇ. ಸಾವಿನ ಮನೆಯಲ್ಲಿ ಸತ್ತವರ ವಯಸ್ಸನ್ನು ಮೊದಲು ವಿಚಾರಿಸುತ್ತಾರೆ. ತುಂಬು ಬಾಳು ಬಾಳಿದ ಹಿರಿಯರಾದರೆ ಮೆರವಣಿಗೆಯಲ್ಲಿ ಕುಣಿತವೂ ಉಂಟು. ಹರೆಯದ ಸಾವಾದರೆ ಬಡಿತಕ್ಕೆ ಕುಣಿತದ ಬಾಗು ಬರದಂತೆ ನೋಡಿಕೊಳ್ಳಬೇಕು, ಎಷ್ಟೋ ವೇಳೆ ತಮಟೆಯೇ ಇರುವುದಿಲ್ಲ. ಇದನ್ನು ಯಾವ ತಾಳಶಾಸ್ತ್ರವೂ ಕಲಿಸುವುದಿಲ್ಲ.

ಇಂತಹ ಪರಿಣತಿಯುಳ್ಳವನಿಗೆ ಹಿಂದೆ ಊರಿನಲ್ಲಿದ್ದ ಸ್ಥಾನವೇನು? ಹಳೆಯ ಮೈಸೂರು ಸೀಮೆಯ ಗ್ರಾಮವ್ಯವಸ್ಥೆಯಲ್ಲಿ ಆಯಗಾರರೆಂಬ ಸೇವಕವರ್ಗವಿದ್ದು, ಸುಗ್ಗಿಯಲ್ಲಿ ಕಣದಿಂದ ಇಂತಿಷ್ಟು ಧಾನ್ಯ ಪಡೆಯುವುದು ಅವರ ಹಕ್ಕಾಗಿತ್ತು. ತೋಟಿ, ತಳವಾರ, ನೀರುಗಂಟಿ ಮೊದಲಾದ ಈ ಕೆಲಸಗಳ ಸಾಲಿನಲ್ಲಿಯೇ ತಮಟೆ ಬಾರಿಸುವುದೂ ಡಂಗುರ ಸಾರುವುದೂ ಸೇರಿಕೊಂಡಿದ್ದವು. ಮಾದಿಗ ಮೊದಲಾದ ಅಸ್ಪೃಶ್ಯವೆನಿಸಿದ ಸಮುದಾಯಗಳ ಮೇಲೆ ಸತ್ತ ದನ ಎಳೆಯುವ, ಚರ್ಮ ಹದ ಮಾಡುವ ಕೆಲಸದೊಂದಿಗೆ ಇದೂ ಚಾಕರಿಯಾಗಿ ಹೊರಿಸಲ್ಪಟ್ಟಿತ್ತು. ಚರ್ಮವನ್ನು ಮುಟ್ಟಿದವನು ಮೈಲಿಗೆ, ಆದರೆ ಅವನ ತಮಟೆಯ ಸದ್ದಿಲ್ಲದೆ ದೇವರು ಗುಡಿಯಿಂದ ಹೊರಡುವಂತಿಲ್ಲ ಎಂಬ ವಿಚಿತ್ರ ವ್ಯವಸ್ಥೆ ಶತಮಾನಗಳ ಕಾಲ ನಡೆದುಬಂತು. ನಾಗಸ್ವರ ಮತ್ತು ಡೋಲಿನವರು ಮಂಗಳವಾದ್ಯದವರೆನಿಸಿ ಗುಡಿಯ ಅಂಗಳಕ್ಕೆ ಬಂದರೆ ತಮಟೆಯವರು ಬೀದಿಯಲ್ಲಿಯೇ ನಿಲ್ಲಬೇಕಿತ್ತು. ಸಾವಿನ ಸುದ್ದಿಯನ್ನು ನೆಂಟರ ಊರಿಗೆ ಮುಟ್ಟಿಸುವುದು, ಚಟ್ಟದ ಮುಂದೆ ಬಾರಿಸುವುದು ಕೇಳದೆಯೇ ಮಾಡಬೇಕಾದ ಕೆಲಸಗಳಾಗಿದ್ದವು. ಪ್ರತಿಫಲವೆಂದರೆ ಒಂದಿಷ್ಟು ಕಾಳು, ಹಬ್ಬದ ಮಿಕ್ಕ ಅನ್ನ, ಸಾವಿನ ದಿನ ಹೆಂಡ.

ರಾಜ್ಯವೂ ಈ ಸದ್ದನ್ನು ಬಳಸಿಕೊಂಡಿತೆಂಬುದನ್ನು ಇಲ್ಲಿ ನೆನೆಯಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ 54ನೆಯ ನಿಯಮವು ಸ್ಥಿರಾಸ್ತಿಯ ಜಪ್ತಿಯನ್ನು ಆ ಸ್ವತ್ತಿನ ಬಳಿ ಡಂಗುರದ ಮೂಲಕವಾಗಲಿ ರೂಢಿಯ ಬೇರೆ ವಿಧಾನದಿಂದಾಗಲಿ ಸಾರಬೇಕೆಂದು ವಿಧಿಸುತ್ತದೆ. ಸಾಲಗಾರನ ಹೊಲದ ಬದುವಿನಲ್ಲಿ ನಿಂತು ತಮಟೆ ಬಡಿದವನಿಗೆ ಸ್ವಂತದ ಹೊಲ ಇದ್ದದ್ದು ಅಪರೂಪ.

1961ರ ಕರ್ನಾಟಕ ಗ್ರಾಮ ಹುದ್ದೆಗಳ ನಿರ್ಮೂಲನ ಕಾಯ್ದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ಕೊನೆಗಾಣಿಸಿತು. ಕಾನೂನಿನ ದೃಷ್ಟಿಯಲ್ಲಿ ಚಾಕರಿ ಅಲ್ಲಿಗೆ ಮುಗಿಯಿತು. ಊರಿನ ದೃಷ್ಟಿಯಲ್ಲಿ ಮುಗಿಯಲಿಲ್ಲ. ಅದನ್ನು ಊರಿನಲ್ಲಿ ಮುಗಿಸುವ ಕೆಲಸಕ್ಕೆ ಕೈಹಾಕಿದ್ದು 1970ರ ದಶಕದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿ. 2011ರ ಜನಗಣತಿಯ ಪ್ರಕಾರ ಪರಿಶಿಷ್ಟ ಜಾತಿಯ ಜನಸಂಖ್ಯೆ ರಾಜ್ಯದಲ್ಲಿ ಶೇಕಡಾ 17ರಷ್ಟಿದ್ದರೆ ಕೋಲಾರ ಜಿಲ್ಲೆಯಲ್ಲಿ ಶೇಕಡಾ 30ನ್ನು ಮೀರಿದೆ. ಸಹಜವಾಗಿಯೇ ಚಳವಳಿಯು ಈ ನೆಲದಲ್ಲಿ ಆಳವಾಗಿ ಬೇರುಬಿಟ್ಟಿತು. ಸತ್ತ ದನ ಎತ್ತುವುದಿಲ್ಲ, ಮೇಲ್ಜಾತಿಯವರ ಸಾವಿಗೆ ತಮಟೆ ಬಾರಿಸುವುದಿಲ್ಲ ಎಂಬ ನಿರಾಕರಣೆಯು ಆತ್ಮಗೌರವದ ಮೊದಲ ಮಾತಾಯಿತು. ಹೀಗೆ ನಿರಾಕರಿಸಿದವರು ಕೂಲಿ ಕೆಲಸ ಕಳೆದುಕೊಳ್ಳುವ, ಅಂಗಡಿ ಬಾವಿಗಳಿಂದ ದೂರವಿಡಲ್ಪಡುವ ಅಪಾಯವನ್ನೂ ಹೊರಬೇಕಾಯಿತು. 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ವರ್ಗಗಳ ದೌರ್ಜನ್ಯ ತಡೆ ಕಾಯ್ದೆಯು ಬಿಟ್ಟಿ ದುಡಿಮೆಗೆ ಒತ್ತಾಯಿಸುವುದನ್ನು ಶಿಕ್ಷಾರ್ಹ ಅಪರಾಧವೆಂದು ಎಣಿಸಿದ ಮೇಲೆ ಇಂತಹ ನಿರಾಕರಣೆಗೆ ಕಾನೂನಿನ ಬೆನ್ನಾಸರೆ ದೊರೆಯಿತು.

ಆದರೆ ಚಳವಳಿಯ ಒಳಗೇ ಒಂದು ತೊಡಕು ಉಳಿದಿತ್ತು. ತಮಟೆಯು ಅವಮಾನದ ಗುರುತಾದರೆ ಅದನ್ನು ಎಸೆಯಬೇಕೇ? ಎಸೆದರೆ ಸಮುದಾಯವೇ ಕಟ್ಟಿ ಬೆಳೆಸಿದ ಒಂದು ನಾದಪ್ರಪಂಚವನ್ನೂ ಎಸೆದಂತಾಗುವುದಿಲ್ಲವೇ? ಅನೇಕ ಕುಟುಂಬಗಳು ಎಸೆದವು; ಓದಿದ ಮಕ್ಕಳು ಅಪ್ಪನ ತಮಟೆ ಅಟ್ಟ ಸೇರುವುದನ್ನೇ ಬಯಸಿದರು. ಅವರ ಆಯ್ಕೆಯನ್ನು ಕಲೆಯ ಹೆಸರಿನಲ್ಲಿ ಹಳಿಯುವ ಅಧಿಕಾರ ಹೊರಗಿನ ಯಾರಿಗೂ ಇಲ್ಲ. ಇನ್ನೊಂದೆಡೆ ಅದೇ ಚಳವಳಿಯ ಜಾಥಾಗಳಲ್ಲಿ ಹೋರಾಟದ ಹಾಡುಗಳಿಗೆ ತಮಟೆಯೇ ಹಿಮ್ಮೇಳವಾಯಿತು. ಊರ ಮುಂದೆ ತಲೆತಗ್ಗಿಸಿ ಬಡಿಯುತ್ತಿದ್ದ ವಾದ್ಯವು ತಾಲ್ಲೂಕು ಕಚೇರಿಯ ಎದುರು ತಲೆಯೆತ್ತಿ ಬಡಿಯುವ ವಾದ್ಯವಾದದ್ದು ಸಣ್ಣ ಪಲ್ಲಟವಲ್ಲ. ಕೋಲಾರದ ಬಳಿಯ ತೇರಹಳ್ಳಿ ಬೆಟ್ಟದ ಮೇಲೆ ಲೇಖಕ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಸಂಗಾತಿಗಳು 2000ದ ದಶಕದಲ್ಲಿ ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರವು ಈ ಎರಡನೆಯ ದಾರಿಯನ್ನು ಮುಂದುವರಿಸಿತು. ಅಲ್ಲಿನ ಹುಣ್ಣಿಮೆ ಹಾಡು ಕಾರ್ಯಕ್ರಮಗಳಲ್ಲಿ ನೆಲಮೂಲದ ಹಾಡು, ನಾಟಕ, ವಾದ್ಯಗಳಿಗೆ ಗೌರವದ ಸ್ಥಾನ ದೊರೆಯಿತು.

ಈ ಎರಡು ದಾರಿಗಳ ನಡುವೆ ಮೂರನೆಯದೊಂದು ಸದ್ದಿಲ್ಲದೆ ತೆರೆದುಕೊಂಡಿತು. ಅದು ಕರಾರಿನ ದಾರಿ. ಚಾಕರಿಯಾಗಿ ಬರುವುದಿಲ್ಲ, ಆದರೆ ಮಾತಾಡಿ ದುಡ್ಡು ಗೊತ್ತುಮಾಡಿದರೆ ಬರುತ್ತೇವೆ ಎಂದು ಹೇಳಿದವನೇ ಇಂದಿನ ಅರ್ಥದ ಮೇಳದ ಯಜಮಾನ. ಮೇಲುನೋಟಕ್ಕೆ ಇದು ಬರಿಯ ವ್ಯಾಪಾರದಂತೆ ಕಾಣುತ್ತದೆ. ಆದರೆ ಕೇರಿಯ ಬಾಗಿಲಲ್ಲಿ ನಿಂತು ‘ಬಾರೋ’ ಎಂದು ಕೂಗುತ್ತಿದ್ದವರು ಮುಂಗಡ ಹಿಡಿದು ಬಂದು ‘ಯಾವ ದಿನ ಬಿಡುವಿದೆಯಪ್ಪ’ ಎಂದು ಕೇಳುವಂತಾದದ್ದು ಕರಾರಿನಿಂದಲೇ. ಆ ದಿನ ಬಿಡುವಿಲ್ಲ ಎಂದು ಹೇಳಬಲ್ಲವನು ಮಾತ್ರವೇ ತನ್ನ ಕಸುಬಿನ ಒಡೆಯ. ತಮ್ಮ ಊರಿನ ಸಾವಿಗೆ ಬಾರಿಸಲು ಒಪ್ಪದ ಮೇಳಗಳು ದೂರದ ಊರಿನ ಸಾವಿಗೆ ಒಪ್ಪುವುದುಂಟು. ಇದು ಅಸಂಗತವೆಂದು ಹಲವರಿಗೆ ತೋರಿದರೂ ಇದರೊಳಗೊಂದು ಸ್ಪಷ್ಟ ತರ್ಕವಿದೆ: ಪರವೂರಿನಲ್ಲಿ ಅವರು ಹಣ ಪಡೆದು ಬಂದ ವಾದಕರು, ಸ್ವಂತ ಊರಿನಲ್ಲಿ ಎಷ್ಟೇ ಹಣ ಕೊಟ್ಟರೂ ಹಳೆಯ ಚಾಕರಿಯ ನೆರಳು ಬೀಳುತ್ತದೆ.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದೊಡನೆ ಹೋಲಿಕೆ ಇಲ್ಲಿ ಉಪಯುಕ್ತವಾಗುತ್ತದೆ. ಜಾಝ್ ಸಂಗೀತದ ತೊಟ್ಟಿಲೆನಿಸಿದ ಆ ಊರಿನ ಕಪ್ಪು ಜನರ ಸಂಸ್ಕಾರಯಾತ್ರೆಗಳಲ್ಲಿ ಹಿತ್ತಾಳೆವಾದ್ಯದ ಮೇಳವು ಸ್ಮಶಾನದವರೆಗೆ ಭಕ್ತಿಗೀತೆಯನ್ನು ಮಂದಗತಿಯಲ್ಲಿ ನುಡಿಸುತ್ತ ಸಾಗುತ್ತದೆ; ದೇಹವನ್ನು ಬೀಳ್ಕೊಟ್ಟ ಮೇಲೆ ಲವಲವಿಕೆಯ ಗತಿಗೆ ತಿರುಗುತ್ತದೆ, ಹಿಂದೆ ಬರುವ ಜನ ಕುಣಿಯುತ್ತಾರೆ. ದುಃಖವನ್ನೂ ಸಂಭ್ರಮವನ್ನೂ ಒಂದೇ ಮೆರವಣಿಗೆಯಲ್ಲಿ ಹೊತ್ತೊಯ್ಯುವ ಈ ರೀತಿ ಕೋಲಾರದ ಹಿರಿಯರ ಸಾವಿನ ಮೆರವಣಿಗೆಗೆ ಅಚ್ಚರಿಯೆನಿಸುವಷ್ಟು ಹತ್ತಿರ. ಆದರೆ ಅಲ್ಲಿ ಮೇಳವನ್ನು ಕರೆಸಿ ಹಣ ಕೊಡುತ್ತಿದ್ದುದು ಕಪ್ಪು ಜನರೇ ಚಂದಾ ಹಾಕಿ ಕಟ್ಟಿಕೊಂಡ ಪರಸ್ಪರ ನೆರವಿನ ಸಂಘಗಳು. ತಮ್ಮವರ ಸಾವಿಗೆ ತಮ್ಮವರೇ ಸಲ್ಲಿಸುವ ಮರ್ಯಾದೆ ಅದು. ಇಲ್ಲಿ ಬಡಿತವನ್ನು ಕೆಳಗಿನವರು ಮೇಲಿನವರ ಸಾವಿಗೆ ಸಲ್ಲಿಸಬೇಕಿತ್ತು. ನಾದ ಒಂದೇ ಬಗೆಯದಾದರೂ ಒಂದು ಮಾನವಾಯಿತು, ಇನ್ನೊಂದು ಅವಮಾನವಾಯಿತು. ತಮಿಳುನಾಡಿನ ಪರೈ ವಾದಕರ ಕುರಿತು ಅಮೆರಿಕದ ಸಂಗೀತ ವಿದುಷಿ ಜೋಯಿ ಶೆರಿನಿಯನ್ ಅವರು 2011ರಲ್ಲಿ ಹೊರತಂದ ಸಾಕ್ಷ್ಯಚಿತ್ರವೂ ಇದೇ ಪ್ರಶ್ನೆಯನ್ನು ಎತ್ತುತ್ತದೆ: ಇದನ್ನು ಸಂಗೀತವೆಂದು ಒಪ್ಪಿಕೊಳ್ಳುವುದು ಎಂದರೆ ಬಾರಿಸುವವರನ್ನು ಸಂಗೀತಗಾರರೆಂದು ಒಪ್ಪಿಕೊಳ್ಳುವುದು.

ಯಜಮಾನನ ವರ್ಷ ಯುಗಾದಿಯೊಂದಿಗೆ ಬಿಸಿಯೇರುತ್ತದೆ ಎನ್ನಬಹುದು. ಅದಕ್ಕೂ ಮುನ್ನ ಶಿವರಾತ್ರಿಯ ಹೊತ್ತಿಗೆ ಮುಳಬಾಗಿಲು ತಾಲ್ಲೂಕಿನ ಆವನಿಯ ಜಾತ್ರೆ. ದನಗಳ ಜಾತ್ರೆಯಲ್ಲಿ ಒಳ್ಳೆಯ ಜೋಡಿಯನ್ನು ತಮಟೆಯೊಡನೆ ಮೆರೆಸುವುದು ರೈತರಿಗೆ ಹೆಮ್ಮೆ. ಯುಗಾದಿಯ ನಂತರ ಊರಹಬ್ಬಗಳು, ದೀಪೋತ್ಸವಗಳು, ಕೋಲಾರ ಮಾಲೂರುಗಳ ಕರಗ, ಜೊತೆಗೆ ಮದುವೆಯ ಲಗ್ನಗಳು. ಒಂದೇ ದಿನಕ್ಕೆ ಮೂರು ಊರಿನವರು ಕೇಳಿಕೊಂಡು ಬರುವ ಕಾಲವಿದು. ಮೇಳವನ್ನು ಎರಡಾಗಿ ಒಡೆದು ಕಳಿಸಿದರೆ ಸಂಪಾದನೆ ಹೆಚ್ಚು, ಆದರೆ ಎಳೆಯರ ಗುಂಪು ಎಡವಿದರೆ ಹೆಸರು ಕೆಡುತ್ತದೆ. ಆಷಾಢ ಬಂದೊಡನೆ ಲಗ್ನಗಳು ನಿಲ್ಲುತ್ತವೆ. ಆಮೇಲೆ ಗಣೇಶನ ಮೆರವಣಿಗೆ, ದಸರಾ, ರಾಜ್ಯೋತ್ಸವ. ಸಾವಿಗೆ ಮಾತ್ರ ಋತುವಿಲ್ಲ. ರಾತ್ರಿ ಹತ್ತು ಗಂಟೆಗೆ ಬಂದ ಕರೆಗೆ ಬೆಳಗಿನ ಆರಕ್ಕೆ ಎಂಟು ಜನರನ್ನು ಹೊಂದಿಸುವುದೇ ಅವನ ಸಾಮರ್ಥ್ಯದ ನಿಜವಾದ ಪರೀಕ್ಷೆ.

ಬಂದ ಹಣದಲ್ಲಿ ವಾಹನದ ಬಾಡಿಗೆ ಕಳೆದು ಉಳಿದದ್ದನ್ನು ಪಾಲು ಮಾಡುತ್ತಾರೆ. ತಮಟೆಗಳು ಯಜಮಾನನವೇ ಆದರೆ ಅವಕ್ಕೂ ಒಂದು ಪಾಲು ಸಲ್ಲುವುದುಂಟು. ನೋಡುವವರು ಎಸೆಯುವ ನೋಟುಗಳ ಲೆಕ್ಕ ಬೇರೆ. ನೆಲದ ಮೇಲಿಟ್ಟ ನೋಟನ್ನು ಬಾರಿಸುತ್ತಲೇ ಹಿಂದಕ್ಕೆ ಬಾಗಿ ಬಾಯಿಂದ ಎತ್ತುವ ಚಮತ್ಕಾರಕ್ಕೆ ಸಿಕ್ಕ ಹಣ ಆ ಕುಣಿತಗಾರನದೋ ಮೇಳದ್ದೋ ಎಂಬುದು ಬಗೆಹರಿಯದ ಜಗಳ. ಇನ್ನೊಂದು ಜಗಳ ಕುಡಿತದ್ದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದರೂ ಸಾವಿನ ಮನೆಯವರು ಮೇಳಕ್ಕೆ ಮದ್ಯ ಕೊಡಿಸುವ ರೂಢಿ ಬೇರೆ ರೂಪದಲ್ಲಿ ಉಳಿಯಿತು. ದೂರದೃಷ್ಟಿಯ ಯಜಮಾನರು ಕರಾರಿನಲ್ಲಿಯೇ ಬಾಟಲಿ ಬೇಡ, ಅದರ ಹಣವನ್ನೂ ಸೇರಿಸಿ ಕೊಡಿ ಎಂದು ಕೇಳುತ್ತಾರೆ. ಕೂಲಿಯ ಭಾಗವನ್ನು ಹೆಂಡದಲ್ಲಿ ಕೊಡುವುದು ಹಳೆಯ ವ್ಯವಸ್ಥೆಯ ಕೊನೆಯ ಎಳೆಯೆಂಬುದನ್ನು ಅವರು ಯಾವ ಪುಸ್ತಕವನ್ನೂ ಓದದೆ ಅರಿತವರು.

ತಮಟೆಯೊಂದರಿಂದಲೇ ವರ್ಷವಿಡೀ ಬದುಕುವವರು ವಿರಳ. ಶ್ರೀನಿವಾಸಪುರದ ಕಡೆಯವರಿಗೆ ಬೇಸಿಗೆಯಿಂದ ಮಳೆಗಾಲದ ಆರಂಭದವರೆಗೆ ಮಾವಿನ ತೋಪು ಮತ್ತು ಮಂಡಿಗಳಲ್ಲಿ ಕೆಲಸ. ಮಾಲೂರಿನಲ್ಲಿ ಇಟ್ಟಿಗೆ ಹೆಂಚಿನ ಕಾರ್ಖಾನೆಗಳು. ಕೋಲಾರದಲ್ಲಿ ಟೊಮೆಟೊ ಮಾರುಕಟ್ಟೆಯ ಹಮಾಲಿ. ನರಸಾಪುರ, ವೇಮಗಲ್ ಭಾಗದಲ್ಲಿ ಕೈಗಾರಿಕೆಗಳು ಬೆಳೆದ ಮೇಲೆ ಹುಡುಗರು ಪಾಳಿಯ ಕೆಲಸಕ್ಕೆ ಸೇರಿಕೊಂಡರು. ತಿಂಗಳ ಸಂಬಳದ ನಿಶ್ಚಿಂತೆಯ ಎದುರು ತಮಟೆ ನಿಲ್ಲಲಾರದು. ಲಗ್ನದ ದಿನ ಇಬ್ಬರಿಗೆ ರಾತ್ರಿಪಾಳಿ, ಒಬ್ಬನಿಗೆ ರಜೆಯಿಲ್ಲ ಎಂದಾಗ ಯಜಮಾನನು ಪಕ್ಕದ ಊರಿನ ಮೇಳದಿಂದ ಜನರನ್ನು ಎರವಲು ತರಬೇಕು. ಅರ್ಧ ಶತಮಾನ ಕಾಲ ಮೇಳವನ್ನು ನಡೆಸಿದ ಅಮೆರಿಕದ ಡ್ಯೂಕ್ ಎಲಿಂಗ್ಟನ್ ಅವರು ತಮ್ಮ ರಚನೆಗಳ ಗೌರವಧನವನ್ನೇ ಸುರಿದು ಕಷ್ಟಕಾಲದಲ್ಲೂ ವಾದಕರನ್ನು ಒಟ್ಟಿಗೆ ಉಳಿಸಿಕೊಂಡರು. ತಮಟೆಯ ವರಸೆಗೆ ಕರ್ತೃವಿಲ್ಲ, ಗೌರವಧನವಿಲ್ಲ. ಹುಡುಗರನ್ನು ಉಳಿಸಿಕೊಳ್ಳಲು ಯಜಮಾನನಿಗಿರುವ ಬಂಡವಾಳವೆಂದರೆ ನೆಂಟಸ್ತಿಕೆ, ಕೈಸಾಲ ಮತ್ತು ಮಾತು ಮಾತ್ರ.

ಸರ್ಕಾರಿ ಉತ್ಸವಗಳು ಈ ಕಸುಬಿಗೆ ಇನ್ನೊಂದು ಮುಖವನ್ನು ಕೊಟ್ಟವು. ಮೇಳಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಕಲಾಸಂಘಗಳಾದವು, ಯಜಮಾನನು ಅಧ್ಯಕ್ಷನಾದನು, ಲೆಟರ್‌ಹೆಡ್ಡು ಮೊಹರುಗಳು ಬಂದವು. ಬಣ್ಣದ ಸಮವಸ್ತ್ರ, ತಲೆಗೆ ಪೇಟ, ಕಾಲಿಗೆ ಗೆಜ್ಜೆ ಸೇರಿಕೊಂಡವು. ಬೀದಿಯಲ್ಲಿ ಮೂರು ತಾಸು ನಿಧಾನವಾಗಿ ಬೆಳೆಯುತ್ತಿದ್ದ ವಾದನವು ವೇದಿಕೆಯ ಹದಿನೈದು ನಿಮಿಷಕ್ಕೆ ಕುಗ್ಗಿ, ಮೊದಲ ಏಟಿನಿಂದಲೇ ತಾರಕಕ್ಕೇರುವ ಪ್ರದರ್ಶನವಾಯಿತು. ಪಿರಮಿಡ್ಡಿನಂತೆ ಒಬ್ಬರ ಮೇಲೊಬ್ಬರು ನಿಲ್ಲುವ ಕಸರತ್ತು ಕಣ್ಣಿಗೆ ಹಬ್ಬವೇ. ಆದರೆ ಬೆನ್ನ ಮೇಲೆ ಮನುಷ್ಯನನ್ನು ಹೊತ್ತವನ ಕೈಯಿಂದ ಸೂಕ್ಷ್ಮ ಬಡಿತ ಹೊರಡುವುದಿಲ್ಲ. ಹಿರಿಯ ವಾದಕರು ಇದನ್ನು ಒಳಗೊಳಗೇ ಹಳಿಯುತ್ತಲೇ ತಮ್ಮ ಹುಡುಗರಿಗೆ ಅದನ್ನೇ ಕಲಿಸುತ್ತಾರೆ, ಏಕೆಂದರೆ ಆಯ್ಕೆ ಆಗುವುದು ಅದರಿಂದಲೇ. ಹಾಗಿದ್ದರೂ ವೇದಿಕೆಯು ಬೀದಿ ಕೊಡಲಾರದ ಒಂದನ್ನು ಕೊಟ್ಟಿತು. ಕಲಾವಿದರು ಎಂಬ ಸಂಬೋಧನೆ, ಎಲ್ಲರ ಸಾಲಿನಲ್ಲಿ ಕುಳಿತು ಮಾಡುವ ಊಟ, ಹೆಸರು ಬರೆದ ಪ್ರಮಾಣಪತ್ರ. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದು ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ನಾಡೋಜ ಗೌರವವೂ 2023ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಸಂದವು. ತಮಟೆ ವಾದಕರೊಬ್ಬರು ರಾಷ್ಟ್ರಪತಿಗಳ ಕೈಯಿಂದ ಗೌರವ ಪಡೆದದ್ದು ಈ ಸೀಮೆಯ ಕೇರಿಗಳಲ್ಲಿ ಬೇರೆಲ್ಲ ಪ್ರಶಸ್ತಿಗಳಿಗಿಂತ ದೊಡ್ಡ ಸುದ್ದಿ.

ಶಾಸ್ತ್ರೀಯ ಲಯವಾದ್ಯಗಳ ಜೊತೆಗಿಟ್ಟು ನೋಡಿದರೆ ಅಂತರ ಇನ್ನೂ ದೊಡ್ಡದು. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ಸೇರಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ತಂದಿತು. ಮೃದಂಗ, ಘಟಗಳು ಯುರೋಪಿನ ಜಾಝ್ ವೇದಿಕೆಗಳಿಗೆ ಹೀಗೆ ಹಾದಿ ಕಂಡುಕೊಂಡವು. ಎರಡು ತಾಸಿನ ದಾರಿಯಷ್ಟು ದೂರದ ಮುಳಬಾಗಿಲಿನ ತಮಟೆಗೆ ಬೆಂಗಳೂರಿನ ಸಂಗೀತಸಭೆಯೇ ದೂರವಾಗಿತ್ತು. ಕಲಿಕೆಯ ಕ್ರಮ ಇಂದಿಗೂ ಹಳೆಯದೇ: ಹುಡುಗರು ಮುರುಕು ತಗಡಿನ ಮೇಲೆ ಕಡ್ಡಿಯಾಡಿಸುತ್ತ ಕಲಿಯುತ್ತಾರೆ, ಮೇಳದ ಕೊನೆಯಲ್ಲಿ ನಿಲ್ಲುತ್ತಾರೆ, ವರ್ಷಗಳ ನಂತರ ಮುಂದಕ್ಕೆ ಬರುತ್ತಾರೆ. ಹೆಣ್ಣುಮಕ್ಕಳು ಈ ಸಾಲಿಗೆ ಬಂದದ್ದು ತೀರ ಈಚೆಗೆ. ತಮಿಳುನಾಡಿನ ದಿಂಡುಗಲ್ಲಿನ ಶಕ್ತಿ ಎಂಬ ಮಹಿಳಾ ಮೇಳವು ಪರೈ ಹಿಡಿದು ತೋರಿದ ಧೈರ್ಯ ಇಲ್ಲಿಯೂ ಮಹಿಳಾ ತಮಟೆ ತಂಡಗಳಲ್ಲಿ ಕಾಣತೊಡಗಿದೆ. ಸಾವಿನ ಮನೆಗೆ ಹೋಗುವ ಚಾಕರಿಯ ನೆನಪು ಅವರ ಹೆಗಲ ಮೇಲಿಲ್ಲದಿರುವುದರಿಂದ ಅವರ ವಾದನದಲ್ಲಿ ಒಂದು ಬಗೆಯ ನಿರಾಳತೆಯಿದೆ.

ಮದುವೆಯ ಮೆರವಣಿಗೆಗೆ ತಮಟೆಯೊಂದೇ ಗತಿಯಾಗಿದ್ದ ಕಾಲ ಹಿಂದೆಯೇ ಹೋಯಿತು. ಬ್ರಿಟಿಷ್ ಸೈನ್ಯದ ವಾದ್ಯಗಳನ್ನು ಅನುಕರಿಸಿ ಬಂದ ಬ್ಯಾಂಡ್ ಸೆಟ್ಟು ಮೊದಲ ಪ್ರತಿಸ್ಪರ್ಧಿ. ಆಮೇಲೆ ನಾಸಿಕ್ ಡೋಲು, ಕೇರಳದ ಚಂಡೆ, ಕೊನೆಗೆ ಲಾರಿಯ ಮೇಲೆ ಪೇರಿಸಿದ ಡಿ.ಜೆ. ಪೆಟ್ಟಿಗೆಗಳು. ಡಿ.ಜೆ.ಗೆ ಊಟ ಬೇಡ, ದಣಿವಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರ ತನಕ ಧ್ವನಿವರ್ಧಕಗಳನ್ನು ನಿರ್ಬಂಧಿಸಿದ್ದು, 2010ರ ತಿದ್ದುಪಡಿಯಲ್ಲಿ ಬಯಲಿನ ವಾದ್ಯಗಳೂ ಸೇರಿದವು. ಇರುಳಿಡೀ ನಡೆಯುವ ದೇವರ ಕಾರ್ಯಕ್ಕೆ ಠಾಣೆಯ ಅನುಮತಿ ಪಡೆಯಲು ಓಡಾಡುವವರು ಹಬ್ಬ ನಡೆಸುವವರಾದರೂ, ಪೊಲೀಸರು ಬಂದಾಗ ಮೊದಲು ಮಾತು ಕೇಳಬೇಕಾದವನು ಕೋಲು ಹಿಡಿದವನೇ.

2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಆರಂಭವಾಯಿತು. ಅಂದು ಯುಗಾದಿ. ಮೇಳಗಳ ಸುಗ್ಗಿಯ ಮೊದಲ ದಿನವೇ ಕಸುಬು ನಿಂತಿತು. ಜಾತ್ರೆಗಳಿಲ್ಲ, ಮದುವೆಗೆ 50 ಜನರ ಮಿತಿ, ಅಂತ್ಯಸಂಸ್ಕಾರಕ್ಕೆ 20 ಜನರ ಮಿತಿ. ಸಾವುಗಳು ಹೆಚ್ಚಿದ ಆ ಎರಡು ವರ್ಷಗಳಲ್ಲಿ ಸಾವಿನ ಬಡಿತ ಕೇಳದಿದ್ದದ್ದು ಹಳ್ಳಿಗಳಿಗೆ ಅಪರಿಚಿತವಾದ ಮೌನವಾಗಿತ್ತು. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಘೋಷಿಸಿದ ನೆರವಿನಲ್ಲಿ ಕಲಾವಿದರಿಗೆ 3,000 ರೂಪಾಯಿ ದೊರೆಯಿತು. ಅರ್ಜಿಯನ್ನು ತುಂಬಬಲ್ಲ, ದಾಖಲೆಗಳಿದ್ದ ಯಜಮಾನರು ತಮ್ಮವರಿಗೆ ಕೊಡಿಸಿದರು. ದಾಖಲೆಗಳಿಲ್ಲದ ಕೂಲಿ ವಾದಕರ ಮೇಳಗಳು ಚದುರಿದವು, ಕೆಲವು ಮತ್ತೆ ಕೂಡಲೇ ಇಲ್ಲ.

ಮತ್ತೆ ಕೂಡಿದ ಮೇಳಗಳಲ್ಲಿ ಚರ್ಮದ ಬದಲು ಫೈಬರ್ ಹೊದಿಸಿದ ತಮಟೆಗಳು ಹೆಚ್ಚಾಗಿ ಕಾಣುತ್ತಿವೆ. ಅದು ಅಗ್ಗ, ಮಳೆಗೆ ಕುಗ್ಗದು, ಕಾಯಿಸುವ ಕೆಲಸವಿಲ್ಲ. ಚರ್ಮ ಮುಟ್ಟುವವರು ಎಂಬ ಹಳೆಯ ಮಾತಿಗೂ ಅಲ್ಲಿ ಆಸ್ಪದವಿಲ್ಲವೆಂದು ಎಳೆಯರು ಅದನ್ನು ಇಷ್ಟಪಡುತ್ತಾರೆ. ಅದರ ಸದ್ದು ಕಿವಿಗೆ ಚುಚ್ಚುವಷ್ಟು ಹರಿತ, ಆದರೆ ಗಿಡ್ಡಕೋಲಿನ ತುಂಬು ನಾದ ಅದರಲ್ಲಿ ಮೂಡದು. ಹಿರಿಯ ಯಜಮಾನರಲ್ಲಿ ಕೆಲವರು ಮದುವೆ, ಮೆರವಣಿಗೆಗಳಿಗೆ ಹುಡುಗರ ಕೈಗೆ ಫೈಬರ್ ಕೊಟ್ಟು, ಗಂಗಮ್ಮನ ದೀಪದ ದಿನಕ್ಕೆಂದು ಚರ್ಮದ ತಮಟೆ ಒಂದೆರಡನ್ನು ಮನೆಯ ಗೋಡೆಯ ಮೇಲೆ ಉಳಿಸಿಕೊಂಡಿದ್ದಾರೆ. ಅವನ್ನು ಕಾಯಿಸಲು ಹುಲ್ಲು ಹೊಂದಿಸುವುದೂ ಈಗ ಅವರ ಪಾಲಿನ ಕೆಲಸವೇ ಆಗಿದೆ.